ಲಿಂಗರಾಜರ ಸಾಂಬೂ

ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಕನ್ನಡ ಬಳಗದಲ್ಲಿ ರಾಜ್ಯೋತ್ಸವದ ಊಟ ಮುಗಿದ ಮೇಲೆ ದಂಪತಿಗಳ ಆಟ ಇದ್ದೇ ಇರುತ್ತಿತ್ತು. ಗಂಡ ಹೆಂಡತಿ ಬೆನ್ನಿಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂರಬೇಕು. ಇಬ್ಬರ ಕೈಯಲ್ಲೂ ತನ್ನದೊಂದು, ಜೊತೆಯವರದೊಂದು ಚಪ್ಪಲಿ. "ಮೊದಲು ಕೋಪ ಮಾಡ್ಕೊಳ್ಳೋದು ಯಾರು?" ಅಂತ ಮೈಕಿನಲ್ಲಿ ಕೇಳಿದರೆ ಅವರ ಚಪ್ಪಲಿ ಎತ್ತಿ ತೋರಿಸಬೇಕು. ಇಬ್ಬರೂ ಒಬ್ಬರದನ್ನೊಬ್ಬರು ಎತ್ತಿದಾಗ ಹಾಲ್‌ನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಮೈಕಿನ ಸದ್ದು ಕೇಳಿದ ಕೂಡಲೇ ಕಾಂಚನಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆ ಸೇರಿಬಿಡುತ್ತಿದ್ದಳು. ಸಾರಿನ ಕೊಳಗ ತಿಕ್ಕುವುದು ಯಾರಿಗೂ ಬೇಡದ ಕೆಲಸ. ಆ ಹೊತ್ತಿಗೆ ಅವಳಿಗೆ ಅದಕ್ಕಿಂತ ಹಿತವಾದ ಕೆಲಸ ಬೇರೆ ಇರಲಿಲ್ಲ.

ಒಂದು ವರ್ಷ ಅವಳು ಒಳಗೆ ಕಾಲಿಡುವಷ್ಟರಲ್ಲಿ ಅಂಗಿಯ ತೋಳು ಮಡಚಿಕೊಂಡು ಇನ್ನೊಬ್ಬರು ಆಗಲೇ ಸಿಂಕಿನ ಮುಂದೆ ನಿಂತಿದ್ದರು. ಎತ್ತರದ ಆಳು, ಕನ್ನಡಕದ ಮೇಲೆಲ್ಲ ಸೋಪಿನ ನೊರೆ.

"ನಿಮಗೂ ಚಪ್ಪಲಿ ಆಟ ಬೇಡವಾ?" ಅಂತ ಕೇಳಿದಳು.

"ನನ್ನ ಹತ್ರ ಎತ್ತೋಕೆ ಎರಡನೇ ಚಪ್ಪಲಿ ಇಲ್ಲ" ಅಂದರು ಅವರು. ಆಮೇಲೆ, ಮಾತು ಒರಟಾಯಿತೇನೋ ಅನ್ನಿಸಿ, "ಒರೆಸೋ ಬಟ್ಟೆ ಅಲ್ಲಿದೆ ನೋಡಿ" ಅಂದರು.

ಅವರೇ ಲಿಂಗರಾಜ. ತುಮಕೂರಿನ ಕಡೆಯವರು. ಟೋರ್ಸ್‌ಲಾಂಡದ ಕಾರ್ ಕಾರ್ಖಾನೆಯಲ್ಲಿ ಇಂಜಿನಿಯರ್. ಕಾರು ಓಡುವಾಗ ಒಳಗೆ ಎಲ್ಲೆಲ್ಲಿ ಕಿರ್‌ ಅನ್ನುತ್ತದೆ, ಎಲ್ಲೆಲ್ಲಿ ಗುಂಯ್ ಅನ್ನುತ್ತದೆ ಅಂತ ಕಿವಿಗೊಟ್ಟು ಕೇಳಿ ಅದನ್ನು ಅಡಗಿಸುವುದು ಅವರ ಕೆಲಸ. ಹೆಂಡತಿ ಲಾವಣ್ಯಾ ಕ್ಯಾನ್ಸರ್‌ನಲ್ಲಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬನೇ ಮಗ ಅದ್ವೈತ್ ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿ ಬಾಡಿಗೆ ಮನೆ ಹಿಡಿದು ಓದುತ್ತಿದ್ದ.

ಆವತ್ತು ಇಬ್ಬರೂ ಸೇರಿ ಮೂರು ಕೊಳಗ, ಲೆಕ್ಕವಿಲ್ಲದಷ್ಟು ಸೌಟು ತೊಳೆದರು. ಮುಂದಿನ ಯುಗಾದಿಗೂ ತೊಳೆದರು, ಅದರ ಮುಂದಿನ ಗಣೇಶನ ಹಬ್ಬಕ್ಕೂ. ಪಾತ್ರೆ ಮುಗಿದ ಮೇಲೂ ಮಾತು ಮುಗಿಯದೆ, ಹಾಲ್‌ನ ಬೀಗ ಹಾಕುವವನು ಬಂದು ಗಂಟಲು ಸರಿಮಾಡಿಕೊಳ್ಳುವಂತಾಯಿತು.

ಕಾಂಚನಾ ಗದಗದವಳು. ಔಷಧ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿ ಗಂಡ ಮತ್ತು ಪುಟ್ಟ ಮಗಳು ದಿಯಾಳ ಜೊತೆ ಗೋಥೆನ್‌ಬರ್ಗ್ ಪಕ್ಕದ ಮೋಲ್ನ್‌ಡಾಲ್‌ಗೆ ಬಂದಿದ್ದಳು. ಗಂಡನಿಗೆ ಈ ದೇಶ ಹಿಡಿಸಲಿಲ್ಲ. ಮೊದಲನೇ ಚಳಿಗಾಲ ಮುಗಿಯುವುದರೊಳಗೆ ವಾಪಸ್ ಹೊರಟುಬಿಟ್ಟ. ನೀನೂ ಕೆಲಸ ಬಿಟ್ಟು ಬಾ ಅಂದ. ಆ ಒಂದು ಚಳಿಗಾಲದಲ್ಲಿ ನಾಲ್ಕು ಗೋಡೆಗಳ ಮಧ್ಯೆ ಅವನ ಕೈ ಎಷ್ಟು ಸಲ ಮೇಲೆದ್ದಿತ್ತು ಅನ್ನುವುದು ಅವಳಿಗೆ ಮಾತ್ರ ಗೊತ್ತಿತ್ತು. ಅವಳು ಹೋಗಲಿಲ್ಲ.

ಬಿಡುಗಡೆ ಮಾತ್ರ ಅಷ್ಟು ಸಲೀಸಾಗಿ ಸಿಗಲಿಲ್ಲ. ಸ್ವೀಡನ್ನಿನಲ್ಲಾದರೆ ಒಬ್ಬರೇ ಅರ್ಜಿ ಹಾಕಿ ಅರ್ಧ ವರ್ಷ ಕಾದರೆ ವಿಚ್ಛೇದನ ಸಿಗುತ್ತದೆ. ಅದು ಊರಿನಲ್ಲಿ ಊರ್ಜಿತವಾಗುವುದು ಕಷ್ಟ ಅಂತ ವಕೀಲರು ಹೇಳಿದ್ದರಿಂದ ಹುಬ್ಬಳ್ಳಿಯ ಕೋರ್ಟಿಗೇ ಹೋಗಬೇಕಾಯಿತು. ಗಂಡ ಒಪ್ಪಿಗೆ ಕೊಡಲಿಲ್ಲ. ಅವಳ ಬೇಸಿಗೆ ರಜೆಗಳೆಲ್ಲ ಕೋರ್ಟಿನ ಪಡಸಾಲೆಯಲ್ಲಿ ಕರಗಿದವು. ಜಡ್ಜ್ ಬದಲಾದರು, ವಕೀಲರು ಬದಲಾದರು, ಗಂಡ ಬರಲಿಲ್ಲ ಅಂತ ಮುಂದಕ್ಕೆ ಹೋಯಿತು, ಬಂದ ಅಂತಲೂ ಮುಂದಕ್ಕೆ ಹೋಯಿತು. ಕಟಕಟೆಯಲ್ಲಿ ನಿಂತು, ಅಪರಿಚಿತರ ಮುಂದೆ, ತಾನು ಯಾಕೆ ಈ ಮನುಷ್ಯನ ಹೆಂಡತಿಯಾಗಿ ಇರಲಾರೆ ಅಂತ ಮತ್ತೆ ಮತ್ತೆ ಹೇಳಬೇಕಾಯಿತು. ಕೊನೆಗೆ ತೀರ್ಪು ಬಂದಾಗ ದಿಯಾ ಹೈಸ್ಕೂಲಿಗೆ ಬಂದಿದ್ದಳು. ಕೋರ್ಟಿನ ಮೆಟ್ಟಿಲಿಳಿದ ಕಾಂಚನಾ ಎದುರಿನ ಅಂಗಡಿಯಲ್ಲಿ ಒಂದು ಕಪ್ ಚಹಾ ಕುಡಿದು ತನಗೆ ತಾನೇ ಹೇಳಿಕೊಂಡಳು: ಇನ್ನು ಈ ಜನ್ಮದಲ್ಲಿ, ಬಿಟ್ಟು ಹೋಗಲು ಇನ್ನೊಬ್ಬರ ಅಪ್ಪಣೆ ಬೇಕಾಗುವ ಜಾಗಕ್ಕೆ ಕಾಲಿಡುವುದಿಲ್ಲ.

ಇದನ್ನೆಲ್ಲ ಲಿಂಗರಾಜರಿಗೆ ಅವಳು ಒಂದೇ ಸಲ ಹೇಳಿದವಳಲ್ಲ. ಒಂದು ಸಂಜೆ ಸ್ವಲ್ಪ, ಇನ್ನೊಂದು ಭಾನುವಾರ ಸ್ವಲ್ಪ. ಅವರು ಕೇಳಿಸಿಕೊಳ್ಳುವುದರಲ್ಲಿ ಪಳಗಿದವರು. "ಮುಂದೇನಾಯ್ತು?" ಅಂತ ಎಂದೂ ಕೇಳುತ್ತಿರಲಿಲ್ಲ. ಅವಳು ನಿಲ್ಲಿಸಿದಲ್ಲಿ ಅವರೂ ನಿಲ್ಲುತ್ತಿದ್ದರು.

ಟೋರ್ಸ್‌ಲಾಂಡದ ಆಚೆ ಸಮುದ್ರದಂಚಿನಿಂದ ಹೋನೋ ದ್ವೀಪಕ್ಕೆ ಹಳದಿ ಬಣ್ಣದ ಫೆರ್ರಿ ಹೋಗುತ್ತದೆ. ಒಂದು ಮೇ ತಿಂಗಳ ಶನಿವಾರ ಇಬ್ಬರೂ ಅದರಲ್ಲಿ ಹೊರಟಿದ್ದರು. ಕಾರಿನಿಂದಿಳಿದು ಕಂಬಿ ಹಿಡಿದು ನಿಂತಾಗ, ಗಾಳಿಗೆ ಕಣ್ಣು ಕಿರಿದಾಗಿಸಿಕೊಂಡು ಲಿಂಗರಾಜ ಕೇಳಿದರು: "ಕಾಂಚನಾ, ನಾವಿಬ್ರೂ ಮದುವೆ ಆಗಿಬಿಡೋಣ್ವಾ?"

ಥರ್ಮಾಸಿನ ಮುಚ್ಚಳದಲ್ಲಿದ್ದ ಕಾಫಿ ತುಳುಕಿ ಅವಳ ಕೋಟಿನ ಮೇಲೆ ಬಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಬೇಡ ಅಂತ ತಲೆಯಾಡಿಸಿದಳು.

ಲಿಂಗರಾಜ ತಮ್ಮ ಕರವಸ್ತ್ರದಿಂದ ಅವಳ ಕೋಟಿನ ಮೇಲಿನ ಕಾಫಿ ಒರೆಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಬೇಡ ಅಂದಿದ್ದು ನಾನಾ, ಮದುವೆನಾ?"

"ಮದುವೆ."

"ಅಬ್ಬ" ಅಂದರು ಅವರು, ನಿಜವಾಗಿಯೂ ಉಸಿರು ಬಿಟ್ಟು. "ನಾನೇ ಅಂದ್ಕೊಂಡು ಹೆದರಿಬಿಟ್ಟಿದ್ದೆ. ಮದುವೆ ತಾನೇ, ಹೋಗ್ಲಿ ಬಿಡಿ."

ಇದಕ್ಕೆ ದಾರಿ ತೋರಿಸಿದವನು ಅದ್ವೈತ್. ಕ್ರಿಸ್‌ಮಸ್ ರಜೆಗೆ ಬಂದಿದ್ದ. ಕಾಂಚನಾ ಊಟಕ್ಕೆ ಬಂದಿದ್ದಳು. ಅಪ್ಪ ತಡವರಿಸುತ್ತ, ನೀರು ಕುಡಿಯುತ್ತ, ವಿಷಯ ಹೇಳಿದರು. ತಮ್ಮಿಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತದೆ, ಆದರೆ ಮದುವೆ ಬೇಡ ಅಂತಿದೆ, ಏನು ಮಾಡುವುದು ತಿಳಿಯುತ್ತಿಲ್ಲ. ಅದ್ವೈತ್ ಚಪಾತಿ ಹರಿಯುವುದನ್ನೂ ನಿಲ್ಲಿಸಲಿಲ್ಲ.

"ಸೋ? ಸಾಂಬೂ ಆಗಿ ಪಪ್ಪಾ. ಪ್ರಾಬ್ಲಮ್ ಏನು?"

"ಜನ ಏನಂತಾರೋ?"

"ಯಾವ ಜನ? ನಮ್ಮ ಪ್ರೊಫೆಸರ್ ಟ್ವೆಂಟಿ ಇಯರ್ಸ್‌ನಿಂದ ಸಾಂಬೂ. ಮೂರು ಮಕ್ಕಳಿದಾರೆ. ನಮ್ಮ ಕ್ಲಾಸಲ್ಲಿ ಅರ್ಧ ಜನರ ಪೇರೆಂಟ್ಸ್ ಮದುವೆನೇ ಆಗಿಲ್ಲ. ಇದಕ್ಕೆ ಲಾ ಇದೆ ಪಪ್ಪಾ, ಹೆಸರಿದೆ. ನೀವಿಬ್ರೇ ಏನೋ ಕಂಡುಹಿಡಿದ ಥರ ಮಾತಾಡ್ತಿದೀರಾ."

ಸಾಂಬೂ ಅನ್ನುವ ಪದ ಇಬ್ಬರಿಗೂ ಹೊಸದಲ್ಲ. ಆಫೀಸಿನ ಫಿಕಾದಲ್ಲಿ, ಕಾಫಿ ಕುಡಿಯುತ್ತ, ಜೊತೆಯವರು ದಿನವೂ "ನನ್ನ ಸಾಂಬೂ ಹಾಗಂದಳು, ಹೀಗಂದ" ಅನ್ನುವುದು ಕಿವಿಗೆ ಬೀಳುತ್ತಿತ್ತು. ಸಾಮ್ ಅಂದರೆ ಜೊತೆ, ಬೂ ಅಂದರೆ ವಾಸ. ಆದರೆ ಆ ಪದ ತಮಗೂ ಒಪ್ಪಬಹುದು ಅಂತ ಇಬ್ಬರಿಗೂ ಹೊಳೆದಿರಲಿಲ್ಲ. ಅದನ್ನು ಕನ್ನಡದಲ್ಲಿ ಏನನ್ನಬೇಕು ಅಂತ ಊಟ ಮುಗಿಯುವವರೆಗೂ ಚರ್ಚೆಯಾಯಿತು. ಸಹಬಾಳ್ವೆ ಅಂದರೆ ಭಾಷಣದ ಹಾಗೆ ಕೇಳುತ್ತದೆ ಅಂದಳು ಕಾಂಚನಾ. ಲಿಂಗರಾಜ ಕೈ ತೊಳೆದು ಬಂದವರು ಇದ್ದಕ್ಕಿದ್ದಂತೆ ಮುಖ ಅರಳಿಸಿದರು.

"ರೀ, ನಮ್ಮಲ್ಲೇ ಇದೆಯಲ್ಲ! ಸಾಂಬ! ಸಾಂಬಸದಾಶಿವ ಅಂತೀವಲ್ಲ. ಅಂಬೆಯ ಜೊತೆಗಿರೋನು ಸಾಂಬ. ಶಿವನೇ ಸಾಂಬೂ!"

ಅದ್ವೈತ್‌ಗೆ ಜೋಕು ಅರ್ಥವಾಗಲಿಲ್ಲ. ಕಾಂಚನಾ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಮುಂದಿನ ವಸಂತದಲ್ಲಿ ಅವಳು ಟೋರ್ಸ್‌ಲಾಂಡದ ಮನೆಗೆ ಬಂದಳು. ಸಾಲುಮನೆಗಳಲ್ಲೊಂದು, ಹಿಂದೆ ಪುಟ್ಟ ಹಿತ್ತಲು. ತಂದಿದ್ದು ಬಟ್ಟೆಬರೆ, ಪುಸ್ತಕ, ರೊಟ್ಟಿಯ ಹಂಚು. ಓಲಗವಿಲ್ಲ, ಅಕ್ಷತೆಯಿಲ್ಲ, ಸಹಿಯೂ ಇಲ್ಲ. ವಿಳಾಸ ಬದಲಾಗಿದೆ ಅಂತ ತೆರಿಗೆ ಇಲಾಖೆಗೆ ತಿಳಿಸಿದ್ದಷ್ಟೇ. ಯಾರಾದರೂ ಏನಾದರೂ ಕೇಳುತ್ತಾರೆ ಅಂತ ಅವಳು ಕೆಲವು ದಿನ ಕಾದಳು. ಯಾರೂ ಕೇಳಲಿಲ್ಲ. ಇಬ್ಬರು ದೊಡ್ಡವರು ಜೋಡಿಯಾಗಿ ಒಂದೇ ಸೂರಿನಡಿ ಬಾಳುತ್ತ, ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುತ್ತಿದ್ದರೆ ಕಾನೂನು ತಾನಾಗಿಯೇ ಅವರನ್ನು ಸಾಂಬೂ ಅಂತ ಕಾಣುತ್ತದೆ. ಬೇಡವಾದ ದಿನ ಒಬ್ಬರು ಬೇರೆ ಮನೆಗೆ ಹೋದರೆ ಮುಗಿಯಿತು. ಯಾವ ಕೋರ್ಟೂ ಕಾರಣ ಕೇಳುವುದಿಲ್ಲ.

ನಡುಮನೆಯ ಗೋಡೆಯ ಮೇಲೆ ಲಾವಣ್ಯಾಳ ಫೋಟೋ ಇತ್ತು. ಕಾಂಚನಾ ಬರುವ ಹಿಂದಿನ ದಿನ ಲಿಂಗರಾಜ ಅದನ್ನು ತೆಗೆದು ಕಪಾಟಿನಲ್ಲಿಟ್ಟಿದ್ದರು. ಗೋಡೆಯ ಮೇಲೆ ಬಿಳಿಚಿಕೊಂಡ ಚೌಕ ನೋಡಿ ಅವಳು ಕೇಳಿದಳು. ಅವರು ತಲೆ ತಗ್ಗಿಸಿದರು.

"ತಂದು ಹಾಕ್ರಿ. ಅದ್ವೈತ್ ಬಂದಾಗ ಅವನ ತಾಯಿ ಅಲ್ಲಿ ಇರಬೇಕು" ಅಂದಳು ಕಾಂಚನಾ.

ಮನೆಯೊಳಗೆ ಎಲ್ಲ ಸರಿಯಿತ್ತು. ಹೊರಗೆ ಮಾತ್ರ ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ಬಳಗದ ಹೆಂಗಸರು ಕೇಳಿದರೆ "ಒಳ್ಳೆ ಫ್ರೆಂಡು" ಅನ್ನುತ್ತಿದ್ದಳು. ಗದಗದಲ್ಲಿರುವ ಅಣ್ಣ ವಿಠ್ಠಲನಿಗೆ ಫೋನಿನಲ್ಲಿ ಹೇಳಿದ್ದು ಇನ್ನೂ ಕಡಿಮೆ: ಬಾಡಿಗೆ ಜಾಸ್ತಿಯಾಯಿತು, ಪರಿಚಯದವರ ಮನೆಯಲ್ಲಿ ಇದ್ದೇನೆ. ಕೋರ್ಟಿನ ಆ ವರ್ಷಗಳಲ್ಲೆಲ್ಲ ಪ್ರತಿ ಸಲವೂ ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತವನು ಅಣ್ಣ. ಅವನ ಮುಂದೆ ಈ ಮಾತು ಹೇಗೆ ತೆಗೆಯುವುದು? ಲುಂಡ್‌ನಲ್ಲಿ ಓದುತ್ತಿದ್ದ ದಿಯಾ ಒಂದು ಸಲ ಇದನ್ನು ಕೇಳಿಸಿಕೊಂಡು ಸಿಡುಕಿದಳು. ಅವಳು ಸಿಡುಕುವುದು ಸ್ವೀಡಿಷ್‌ನಲ್ಲೇ.

"ಅಮ್ಮ, ಅವರು ನಿನಗೆ ಜ್ವರ ಬಂದಾಗ ರಜೆ ಹಾಕಿ ಗಂಜಿ ಮಾಡಿಕೊಡ್ತಾರೆ. ಪರಿಚಯದವರಂತೆ! ಅವರು ಕೇಳಿಸಿಕೊಂಡ್ರೆ ಏನಂದ್ಕೋಬೇಕು?"

ಲಿಂಗರಾಜ ಅದನ್ನು ಆಗಲೇ ಕೇಳಿಸಿಕೊಂಡಿದ್ದರು ಅನ್ನುವುದು ಕಾಂಚನಾಳಿಗೆ ಗೊತ್ತಿತ್ತು. ಅವರು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ ಅನ್ನುವುದೂ.

ಹೀಗೆ ಕೆಲವು ವರ್ಷ ಕಳೆದವು. ಅಕ್ಟೋಬರ್‌ನ ಒಂದು ಭಾನುವಾರ ಬೆಳಿಗ್ಗೆ ಲಿಂಗರಾಜ ಹಿತ್ತಲಿನಲ್ಲಿ ಸೇಬಿನ ಮರದ ಎಲೆ ಗುಡಿಸುತ್ತಿದ್ದರು. ಒಳಗೆ ಒಗ್ಗರಣೆ ಹಾಕುತ್ತಿದ್ದ ಕಾಂಚನಾಳಿಗೆ ಕಿಟಕಿಯಲ್ಲಿ ಅವರು ಕಾಣುತ್ತಿದ್ದರು. ಒಮ್ಮೆ ಬಗ್ಗಿ ಮತ್ತೆ ನೋಡಿದಾಗ ಕಾಣಲಿಲ್ಲ. ಪೊರಕೆಯ ಕೋಲು ಮಾತ್ರ ಬೇಲಿಗೆ ಒರಗಿತ್ತು. ಓಡಿಹೋದಳು. ಎದೆ ಹಿಡಿದುಕೊಂಡು ಒದ್ದೆ ಎಲೆಗಳ ಮೇಲೆ ಕೂತುಬಿಟ್ಟಿದ್ದರು, ಮುಖ ಬೂದಿಯಾಗಿತ್ತು.

"ಏನಾತ್ರೀ? ಏನಾತು? ನನ್ನ ಕಡೆ ನೋಡ್ರಿ!" ವರ್ಷಗಳಿಂದ ಎಲ್ಲರಿಗೂ ಒಪ್ಪುವಂತೆ ತಿದ್ದಿ ತೀಡಿಕೊಂಡಿದ್ದ ಭಾಷೆ ಬಿಟ್ಟು ಗದಗ ಅವಳ ಬಾಯಿಗೆ ಬಂದಿತ್ತು.

ಕೂಗು ಕೇಳಿ ಪಕ್ಕದ ಮನೆಯ ಗುನಿಲ್ಲಾ ಬೇಲಿ ದಾಟಿಕೊಂಡೇ ಬಂದಳು. ನಿವೃತ್ತಳಾದ ಶಾಲೆಯ ಮೇಡಂ, ಗಟ್ಟಿ ಹೆಂಗಸು. ಆಂಬುಲೆನ್ಸಿಗೆ ಫೋನು ಮಾಡಿದವಳು ಅವಳೇ. ಆಂಬುಲೆನ್ಸಿನ ಹಿಂದೆ ತನ್ನ ಕಾರಿನಲ್ಲಿ ಕಾಂಚನಾಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಕರೆತಂದವಳೂ ಅವಳೇ.

ಹೃದಯದ ವಾರ್ಡಿನ ಬಾಗಿಲು ಮುಚ್ಚಿತ್ತು. ಪಕ್ಕದ ಕಿಟಕಿಯ ಹಿಂದೆ ನರ್ಸ್ ಒಬ್ಬಳು ಕೂತಿದ್ದಳು, ದಿಯಾಳಿಗಿಂತ ಸ್ವಲ್ಪ ದೊಡ್ಡವಳಿರಬಹುದು.

"ನೀವು ಅವರಿಗೆ ಏನಾಗಬೇಕು?" ಅಂತ ಕೇಳಿದಳು.

ಕಾಂಚನಾಳ ಬಾಯಿಗೆ ಮೊದಲು ಬಂದಿದ್ದು ಅಭ್ಯಾಸದ ಮಾತು. ಫ್ರೆಂಡು ಅನ್ನಲು ತುಟಿ ತೆರೆದೇಬಿಟ್ಟಿದ್ದಳು. ಫ್ರೆಂಡಾದರೆ ಇಲ್ಲೇ ಹೊರಗೆ ಕೂರಿ ಅಂದುಬಿಟ್ಟರೆ?

"ಸಾಂಬೂ" ಅಂದಳು. "ನಾನು ಅವರ ಸಾಂಬೂ."

ನರ್ಸ್ ತಲೆಯೆತ್ತಿ ನೋಡಿದಳು. ಸಾಕ್ಷಿ ಏನಿದೆ ಅನ್ನಲಿಲ್ಲ, ಸರ್ಟಿಫಿಕೇಟ್ ತೋರಿಸಿ ಅನ್ನಲಿಲ್ಲ. ಎದ್ದು ಬಂದು ಬಾಗಿಲು ತೆರೆದಳು. "ಬನ್ನಿ, ನಿಮ್ಮ ಕೈ ಎಷ್ಟು ತಣ್ಣಗಿದೆ" ಅಂದಳು. ರಕ್ತನಾಳದಲ್ಲಿ ತಡೆ ಇದೆ, ಈಗಲೇ ತೆರೆಯುತ್ತಿದ್ದಾರೆ, ಬೇಗ ಕರೆತಂದಿದ್ದು ಒಳ್ಳೆಯದಾಯಿತು ಅಂತ ಬಿಡಿಸಿ ಬಿಡಿಸಿ ಹೇಳಿದಳು. ಹತ್ತಿರದ ಸಂಬಂಧಿ ಅನ್ನುವ ಕಡೆ ಕಾಂಚನಾಳ ಹೆಸರು ಕೇಳಿ ಬರೆದುಕೊಂಡಳು. ಒಂದು ಕುರ್ಚಿ ಎಳೆದು ಕೊಟ್ಟು, ಕಾಫಿ ತಂದಿಟ್ಟು ಹೋದಳು.

ಆ ಕುರ್ಚಿಯ ಮೇಲೆ ಕೂತು ಕಾಂಚನಾ ಅತ್ತಳು. ಹೆದರಿಕೆಯ ಅಳು ಇತ್ತು, ಆದರೆ ಅದೊಂದೇ ಅಲ್ಲ. ತನ್ನ ಬಾಳಿನ ಬಗ್ಗೆ ತಾನು ಆಡಿದ ಒಂದೇ ಒಂದು ಮಾತನ್ನು ಕೇಳಿದವರು ಹಾಗೇ ನಂಬಿದ್ದರು. ಹುಬ್ಬಳ್ಳಿಯ ಕಟಕಟೆಯಲ್ಲಿ ಅಷ್ಟು ವರ್ಷ ಅಷ್ಟು ಮಾತು ಆಡಿದರೂ ಸಿಗದಿದ್ದದ್ದು ಇದು.

ಮಧ್ಯಾಹ್ನದ ಹೊತ್ತಿಗೆ ಲಿಂಗರಾಜರನ್ನು ಹೊರತಂದರು. ಕಣ್ಣು ಬಿಟ್ಟವರೇ ಕೇಳಿದರು: "ಒಲೆ ಆರಿಸಿ ಬಂದ್ರಾ?"

ಒಲೆ ಆರಿಸಿದ್ದವಳು ಗುನಿಲ್ಲಾ. ಒಗ್ಗರಣೆ ಮಾತ್ರ ಪೂರ್ತಿ ಹೊತ್ತಿಹೋಗಿತ್ತು.

ಸಂಜೆಯ ರೈಲಿಗೆ ಅದ್ವೈತ್ ಬಂದಿಳಿದ. ಈಗ ಅವನು ಸ್ಟಾಕ್‌ಹೋಮಿನಲ್ಲೇ ಕೆಲಸಕ್ಕೆ ಸೇರಿದ್ದ. ವಾರ್ಡಿನ ಹೊರಗೆ ಕಾಂಚನಾಳನ್ನು ತಬ್ಬಿಕೊಂಡು ಚಿಕ್ಕ ಮಗುವಿನಂತೆ ಬಿಕ್ಕಿದ. "ಥ್ಯಾಂಕ್ಯೂ ಆಂಟಿ" ಅಂದ, "ನೀವಿಲ್ದೆ ಇದ್ದಿದ್ರೆ ಪಪ್ಪಾ ಒಬ್ರೇ ಅಲ್ಲಿ ಎಲೆ ಮೇಲೆ..." ಮುಂದೆ ಹೇಳಲಾಗಲಿಲ್ಲ. ಅವನ ತಾಯಿ ಹೋದಾಗ ಅವನು ಹೈಸ್ಕೂಲು ಮುಗಿಸಿರಲಿಲ್ಲ. ಕಾಂಚನಾ ಅವನ ಬೆನ್ನು ಸವರಿದಳು. ಅಷ್ಟು ಎತ್ತರದ ಹುಡುಗನ ಬೆನ್ನು ಸವರಲು ಅವಳು ತುದಿಗಾಲಲ್ಲಿ ನಿಲ್ಲಬೇಕಾಯಿತು.

ಮನೆಗೆ ಕಳಿಸುವ ಮುಂಚೆ ಆಸ್ಪತ್ರೆಯ ಸಮಾಲೋಚಕಿ ಕಾಂಚನಾಳ ಜೊತೆ ಕೂತು ಮಾತಾಡಿದಳು. ಊಟ, ನಡಿಗೆ, ಮಾತ್ರೆ ಎಲ್ಲ ಆದ ಮೇಲೆ, ಸಹಜವಾಗಿ ಕೇಳುವಂತೆ ಕೇಳಿದಳು: "ನೀವಿಬ್ಬರೂ ಉಯಿಲು ಬರೆದಿದ್ದೀರಲ್ಲ?"

"ಇಲ್ಲ. ಯಾಕೆ?"

"ಸಾಂಬೂ ಆದವರು ಒಬ್ಬರ ಆಸ್ತಿಗೆ ಒಬ್ಬರು ವಾರಸುದಾರರಲ್ಲ. ಮದುವೆಯಾದವರಿಗೆ ಸಿಗುವುದು ಎಲ್ಲವೂ ಸಿಗುತ್ತದೆ ಅಂತ ತುಂಬ ಜನ ತಿಳಿದಿರುತ್ತಾರೆ. ಹಾಗಿಲ್ಲ. ಒಮ್ಮೆ ವಿಚಾರಿಸಿ."

ಕಾಂಚನಾ ತಲೆಯಾಡಿಸಿದಳು. ಈ ಮಾತನ್ನು ಲಿಂಗರಾಜರಿಗೆ ಹೇಳಲೇಬಾರದು ಅಂತ ಆಗಲೇ ತೀರ್ಮಾನಿಸಿದ್ದಳು. ಸಾವಿನ ಬಾಗಿಲಿಗೆ ಹೋಗಿ ಬಂದವರ ಮುಂದೆ ಉಯಿಲಿನ ಮಾತೆತ್ತುವುದೇ? ಕೇಳಿದವರು ಮನೆಗಾಗಿ ಬಂದವಳು ಅಂದರೆ?

ಆದರೆ ಅವಳು ನುಂಗಿಕೊಂಡ ಮಾತನ್ನು ಅದ್ವೈತ್ ತಾನಾಗಿ ತೆಗೆದ. ಅಪ್ಪನ ಜೊತೆ ಇರಲು ಕೆಲವು ವಾರ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿ ಹೇಳಿದ: "ಪಪ್ಪಾ, ಆಸ್ಪತ್ರೆಯಲ್ಲಿ ಕೂತಾಗ ನಾನು ಸಾಂಬೂ ಲಾ ಓದ್ದೆ. ಸಾಂಬೂ ಆಗಿ ಅಂತ ಹೇಳಿದ್ದೇ ನಾನು, ಅದಕ್ಕೆ. ಜೊತೆಗಿರೋಕೆ ಅಂತ ಇಬ್ರೂ ಸೇರಿ ತಗೊಂಡ ಮನೆ, ಸಾಮಾನು ಇದ್ರೆ ಅದ್ರಲ್ಲಿ ಇಬ್ರಿಗೂ ಪಾಲು. ಈ ಸೋಫಾ, ಈ ಟೇಬಲ್ ನೀವಿಬ್ರೂ ತಂದಿದ್ದು, ಓಕೆ. ಆದ್ರೆ ಮನೆ? ಇದು ನೀವು ಅಮ್ಮನ ಜೊತೆ ತಗೊಂಡಿದ್ದು. ನಿಮಗೆ ಏನಾದ್ರೂ ಆದ್ರೆ ಇದು ನನಗೆ ಬರತ್ತೆ. ಆಂಟಿ ತಮ್ಮ ಅಡುಗೆಮನೇಲಿ ಇರೋಕೆ ನನ್ನ ಪರ್ಮಿಷನ್ ಕೇಳ್ಬೇಕಾಗತ್ತೆ. ಐ ಡೋಂಟ್ ವಾಂಟ್ ದಟ್. ಅವ್ರು ಯಾರ ಪರ್ಮಿಷನ್ನೂ ಕೇಳಬಾರದು."

ಕಾಂಚನಾ ಈ ಮನೆಗೆ ಬಂದಿದ್ದೇ ಯಾರ ಅಪ್ಪಣೆಯೂ ಬೇಡ ಅಂತ. ಅದು ಈ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಕಾಂಚನಾ ಎದ್ದು ಹೋಗಿ ನೀರಿನ ನಲ್ಲಿ ಬಿಟ್ಟಳು. ತೊಳೆಯಲು ಏನೂ ಇರಲಿಲ್ಲ.

ಆಮೇಲೆ ಅದ್ವೈತ್ ಮಹಡಿಗೆ ಹೋದ ಮೇಲೆ ಲಿಂಗರಾಜ ಕರೆದರು. ಆಸ್ಪತ್ರೆಯಿಂದ ಬಂದ ಮೇಲೆ ಅವರ ದನಿ ಸ್ವಲ್ಪ ಸಣ್ಣದಾಗಿತ್ತು.

"ಇನ್ನೊಂದು ದಾರಿ ಇದೆ. ಈ ಊರಲ್ಲಿ ಮದುವೆ ಅನ್ನೋದು ಸಿಟಿ ಹಾಲಲ್ಲಿ ಹತ್ತು ನಿಮಿಷದ ಕೆಲಸ ಅಂತೆ. ಎಲ್ಲ ಒಂದೇ ಏಟಿಗೆ ಸರಿಹೋಗತ್ತೆ. ಬಲವಂತ ಇಲ್ಲ. ಕೇಳ್ದೆ ಅಷ್ಟೇ."

ಕಾಂಚನಾ ಆ ಮಾತನ್ನು ತಳ್ಳಿಹಾಕಲಿಲ್ಲ. ದಿನವೂ ಅವರ ಜೊತೆ ಬೀದಿಯ ಕೊನೆಯವರೆಗೂ ನಿಧಾನಕ್ಕೆ ನಡೆಯುತ್ತ ಯೋಚಿಸಿದಳು. ಈ ಮನುಷ್ಯ ಬೇರೆ, ಆ ಮನುಷ್ಯ ಬೇರೆ. ಈ ದೇಶದಲ್ಲಿ ಮದುವೆಯಿಂದ ಹೊರಬರುವುದೂ ಅಷ್ಟು ಕಷ್ಟವಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು. ಆದರೂ ಸಿಟಿ ಹಾಲಿನ ಮೇಜಿನ ಮುಂದೆ ತಾನು ನಿಂತಿರುವಂತೆ ಊಹಿಸಿಕೊಂಡರೆ ಹುಬ್ಬಳ್ಳಿಯ ಕಟಕಟೆಯೇ ಕಣ್ಣಿಗೆ ಬರುತ್ತಿತ್ತು. ಒಂದು ದಿನ ದಾರಿಯ ಬೆಂಚಿನ ಮೇಲೆ ಕೂತು ಹೇಳಿದಳು:

"ನಿಮ್ಮ ಜೊತೆ ಇರೋದು ಅಂದ್ರೆ ನನಗೆ ಏನು ಗೊತ್ತಾ? ದಿನಾ ಬೆಳಿಗ್ಗೆ ಎದ್ದು, ಹೋಗಬಹುದು ಅಂತ ಗೊತ್ತಿದ್ದೂ ಇಲ್ಲೇ ಕಾಫಿಗಿಡೋದು. ಅದು ನನಗೆ ಬೇಕು. ಸಹಿ ಹಾಕಿದ ಮಾರನೇ ದಿನವೂ ನಾನು ಕಾಫಿಗಿಡ್ತೀನಿ. ಆದ್ರೆ ಆಗ ನನಗೆ ನನ್ನ ಮೇಲೇ ಅನುಮಾನ ಬರತ್ತೆ, ಇರಬೇಕು ಅಂತ ಇದೀನೋ, ಇರಲೇಬೇಕು ಅಂತ ಇದೀನೋ. ತಪ್ಪು ತಿಳ್ಕೋಬೇಡ್ರಿ."

ಮನಸ್ಸಿಗೆ ನೋವಾಗಿದ್ದರೆ ಲಿಂಗರಾಜ ಅದನ್ನು ಮುಚ್ಚಿಡಲಿಲ್ಲ, ಉಬ್ಬಿಸಲೂ ಇಲ್ಲ. "ನನಗೆ ಒಂದು ಸಲ ಆಸೆ ಇತ್ತು" ಅಂದರು. ಆಮೇಲೆ ಅವಳ ಕೈ ಹಿಡಿದು ಎದ್ದರು. "ಆಯ್ತು. ಮದುವೆ ಒಂದೇ ಸಲಕ್ಕೆ ಮಾಡೋ ಕೆಲಸಾನ ನಾವು ಒಂದೊಂದಾಗಿ ಕೈಯಾರೆ ಮಾಡೋಣ. ನನಗೆ ಅದೇ ತಾನೇ ಅಭ್ಯಾಸ. ಎಲ್ಲಿ ಕಿರ್ ಅನ್ನುತ್ತೋ ಅಲ್ಲಿ ಸರಿಮಾಡೋದು."

ಮೋಲ್ನ್‌ಡಾಲ್‌ನ ವಕೀಲೆಯೊಬ್ಬಳನ್ನು ಕಂಡರು. ಅವಳು ಸಮಾಧಾನದಿಂದ ಹೇಳಿದಳು: ಮಗನಿಗೆ ಕಾನೂನು ಕೊಟ್ಟ ಕನಿಷ್ಠ ಪಾಲನ್ನು ಅಪ್ಪನ ಉಯಿಲು ಕಿತ್ತುಕೊಳ್ಳಲಾಗದು. ಆದರೆ ಕಾಂಚನಾ ಬದುಕಿರುವವರೆಗೂ ಆ ಮನೆಯಲ್ಲಿ ಇರಬಹುದು ಅಂತ ಬರೆಯಬಹುದು. ಮಗ ತನ್ನ ಪಾಲು ಈಗಲೇ ಬೇಕು ಅಂತ ಹಟ ಹಿಡಿಯದಿದ್ದರೆ ಸಾಕು, ಅದು ನಿಲ್ಲುತ್ತದೆ. ಪಕ್ಕದಲ್ಲೇ ಕೂತಿದ್ದ ಅದ್ವೈತ್ "ಹಿಡಿಯಲ್ಲ" ಅಂದ. ಕಾಂಚನಾ ತನ್ನದೂ ಒಂದು ಬರೆಸಿದಳು. ದಿಯಾಳ ಪಾಲು ದಿಯಾಳಿಗೆ, ಉಳಿದದ್ದು ಲಿಂಗರಾಜರಿಗೆ.

ಸಹಿಗೆ ಇಬ್ಬರು ಸಾಕ್ಷಿಗಳು ಬೇಕಿತ್ತು. ಮನೆಯವರು ಆಗಬಾರದು, ಇಬ್ಬರೂ ಒಂದೇ ಹೊತ್ತಿಗೆ ಎದುರಿಗಿರಬೇಕು. ಗುನಿಲ್ಲಾ ಒಬ್ಬಳಾದಳು. ಇನ್ನೊಬ್ಬಳು ಕಾಂಚನಾಳ ಲ್ಯಾಬಿನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಬೆಂಗಳೂರಿನ ಹುಡುಗಿ ವರ್ಷಾ. ಫೆಬ್ರವರಿಯ ಒಂದು ಶನಿವಾರ, ಹೊರಗೆ ಹಿಮ, ಒಳಗೆ ಶೇಂಗಾ ಹೋಳಿಗೆಯ ಘಮ. ದಿಯಾ ಲುಂಡ್‌ನಿಂದ, ಅದ್ವೈತ್ ಸ್ಟಾಕ್‌ಹೋಮಿನಿಂದ ಬಂದಿದ್ದರು. ಸಾಕ್ಷಿಗಳಿಗೆ ಒಳಗೆ ಏನು ಬರೆದಿದೆ ಅಂತ ಗೊತ್ತಿರಬೇಕಿಲ್ಲ, ಇದು ಉಯಿಲು ಅಂತ ಗೊತ್ತಿದ್ದರೆ ಸಾಕು ಅಂತ ಲಿಂಗರಾಜ ವಿವರಿಸಿದರು. ಗುನಿಲ್ಲಾ ಕನ್ನಡಕ ಏರಿಸಿಕೊಂಡು, ಶಾಲೆಯ ಹಾಜರಿ ಹಾಕುವವಳಂತೆ ಠೀವಿಯಿಂದ ಸಹಿ ಹಾಕಿದಳು.

"ನನಗೂ ಒಬ್ಬ ಇದ್ದಾನೆ" ಅಂದಳು ಹೋಳಿಗೆ ಮುರಿಯುತ್ತ. "ಆದರೆ ಅವನು ಅವನ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ. ವಾರಕ್ಕೊಮ್ಮೆ ಊಟ. ನಮ್ಮಂಥವರಿಗೆ ಸ್ಯಾರ್‌ಬೂ ಅಂತಾರೆ. ಅವನ ಗೊರಕೆಗೆ ಅದೇ ಸರಿ."

ಎಲ್ಲರೂ ನಕ್ಕರು. ವರ್ಷಾ ಮಾತ್ರ ಕಾಂಚನಾಳ ಹಿಂದೆ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದಳು: "ಮೇಡಂ, ನಾನೂ ಅವಿನಾಶೂ ಮದುವೆ ಆಗ್ದೆ ಒಂದೇ ಮನೇಲಿ ಇದೀವಿ. ಬೆಂಗಳೂರಲ್ಲಿ ಮನೇವ್ರಿಗೆ ಇನ್ನೂ ಹೇಳಿಲ್ಲ. ನಾವೂ ಇದನ್ನೆಲ್ಲ ಮಾಡ್ಬೇಕಾ?"

"ಮನೆ ತಗೊಂಡ್ರೆ ಇಬ್ರ ಹೆಸರಲ್ಲೂ ತಗೊಳ್ರಿ. ವಕೀಲರನ್ನ ಕೇಳಿ" ಅಂದಳು ಕಾಂಚನಾ. ಆಮೇಲೆ ತುಪ್ಪದ ಬಟ್ಟಲು ಅವಳ ಕೈಗಿಡುತ್ತ, "ಮನೇಲಿ ಹೇಳೋದು ನಿನಗೆ ಬಿಟ್ಟಿದ್ದು. ನಾನೇ ಇನ್ನೂ ಅಣ್ಣನಿಗೆ ಹೇಳಿಲ್ಲ, ನಿನಗೇನು ಬುದ್ಧಿ ಹೇಳ್ಲಿ?" ಅಂದಳು.

ಮರುದಿನ ಬೆಳಿಗ್ಗೆ ವಿಠ್ಠಲನಿಗೆ ಫೋನು ಮಾಡಿದಳು. ಗದಗದಲ್ಲಿ ಆಗ ಮಧ್ಯಾಹ್ನ, ಅವನು ಊಟ ಮುಗಿಸಿ ಅಡ್ಡಾಗಿದ್ದ. ಸುತ್ತಿ ಬಳಸದೆ ಎಲ್ಲ ಹೇಳಿದಳು. ತಾನು ಇರುವುದು ಯಾರ ಮನೆಯಲ್ಲಿ, ಎಷ್ಟು ವರ್ಷದಿಂದ, ಮದುವೆ ಯಾಕೆ ಬೇಡವಾಯಿತು, ಅವರಿಗೆ ಎದೆನೋವು ಬಂದಾಗ ಬಾಗಿಲು ತೆರೆದದ್ದು ಯಾವ ಮಾತು. ಆ ಕಡೆ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಲೈನ್ ಕಟ್ಟಾಯಿತೇನೋ ಅಂದುಕೊಂಡಳು.

"ಅಣ್ಣಾ?"

"ಕೇಳಾಕತ್ತೇನಿ" ಅಂದ ವಿಠ್ಠಲ. "ಪರಿಚಯದವರು ಅಂತ ನೀ ಹೇಳಿದಾಗ ನಿನ್ನ ದನಿ ಬ್ಯಾರೇನ ಆಗಿರ್ತಿತ್ತು. ನಾ ಕೇಳಲಿಲ್ಲ. ನೀನ ಹೇಳ್ತಿ ಅಂತ ಸುಮ್ಮನಿದ್ದೆ. ಆ ಕೋರ್ಟಿನಾಗ ನಿನ್ನ ಬಾಜೂಕ ಕುಂತಾಂವ ನಾನು. ಮದುವಿ ಮಾಡ್ಕೋ ಅಂತ ನಾ ಯಾವ ಬಾಯಿಲೆ ಹೇಳ್ಲಿ? ಅವರ ಎದಿ ಈಗ ಹ್ಯಾಂಗೈತಿ?"

ಕಾಂಚನಾ ಕೂತಲ್ಲೇ ಕಣ್ಣು ಮುಚ್ಚಿಕೊಂಡಳು. "ಆರಾಮ ಅದಾರ" ಅಂದಳು. "ಉಪ್ಪು ಕಡಿಮಿ ತಿನ್ನಂದಾರ. ಉಪ್ಪಿನಕಾಯಿ ಕದ್ದು ತಿಂತಾರ."

"ಒಂದು ಮಾತು. ಅವರನ್ನ ನಾ ಏನಂತ ಕರೀಬೇಕು? ಭಾವಾ ಅನ್ನಾಕ ಬರೂದಿಲ್ಲಲ್ಲ?"

ಕಾನೂನಿನಲ್ಲಿ ಉತ್ತರವಿಲ್ಲದ ಪ್ರಶ್ನೆ. ಸ್ವೀಡಿಷ್‌ನಲ್ಲೂ ಇರಲಿಲ್ಲ. ಕಾಂಚನಾ ಯೋಚಿಸುತ್ತಿದ್ದಾಗ, ಪಕ್ಕದಲ್ಲಿ ಪೇಪರು ಹಿಡಿದುಕೊಂಡು ಓದುವವರಂತೆ ನಟಿಸುತ್ತಿದ್ದ ಲಿಂಗರಾಜ ಕೈ ಚಾಚಿ ಫೋನು ಇಸಿದುಕೊಂಡರು.

"ನಮಸ್ಕಾರ ವಿಠ್ಠಲ ಅವರೇ. ಲಿಂಗರಾಜ ಅಂತ. ಹೆಸರು ಹಿಡಿದೇ ಕರೀರಿ" ಅಂದರು. ಆ ಕಡೆಯಿಂದ ಏನೋ ಬಂತು. ಲಿಂಗರಾಜರ ಮುಖ ಅರಳಿತು. "ಹೌದು ಹೌದು, ರೊಟ್ಟಿ ಬಡಿಯೋದನ್ನ ಕಲಿಸಿದಾರೆ. ನನ್ನದು ಇನ್ನೂ ದುಂಡಗೆ ಬರಲ್ಲ... ಏನು? ಕಟ್ಟಿಗೆ ಒಲೆ ಬೇಕಾ? ಇಲ್ಲಿ ಎಲ್ಲಿಂದ ತರೋದು? ಆದ್ರೆ ಲಿಂಗರಾಜಣ್ಣ ಅಂತ ನೀವು ಕರೆದ ಮೇಲೆ ಇಲ್ಲ ಅನ್ನೋಕೂ ಆಗಲ್ಲ..."

ಮಾತು ಸದ್ಯಕ್ಕೆ ಮುಗಿಯುವಂತೆ ಕಾಣಲಿಲ್ಲ. ಮಹಡಿಯಿಂದ ಮಕ್ಕಳಿಬ್ಬರೂ ಸ್ವೀಡಿಷ್‌ನಲ್ಲಿ ಏನಕ್ಕೋ ಜಗಳವಾಡುತ್ತ ಇಳಿದು ಬರುತ್ತಿದ್ದರು. ಕಾಂಚನಾ ಎದ್ದು ಎಲ್ಲರಿಗೂ ಕಾಫಿಗಿಟ್ಟಳು.